ವಸಡಿನ ರಕ್ತ ನಿಂತಿತು ಅಂತ ಸುಮ್ಮನಿರಬೇಡಿ

ಹೋದ ವರ್ಷ ಯುಗಾದಿ ಆಸುಪಾಸಿನಲ್ಲಿ ಶುರುವಾಯಿತು. ಹಲ್ಲುಜ್ಜಿ ಉಗಿದರೆ ಎಂಜಲು ಕೆಂಪಗೆ ಬರುತ್ತಿತ್ತು. ನೋವೇನೂ ಇರಲಿಲ್ಲ. ನೋವಿಲ್ಲವಲ್ಲ, ಡಾಕ್ಟರ ಹತ್ತಿರ ಯಾಕೆ ಅಂತ ಸುಮ್ಮನಾದೆ.

ಅಷ್ಟರಲ್ಲಿ ಇಲ್ಲೇ ಹಾಸನದಲ್ಲಿರುವ ಪರಿಚಯದವರೊಬ್ಬರು ಮನೆಗೆ ಬಂದು ಒಂದು ಕಿಟ್ ಕೊಟ್ಟರು. ಹಲ್ಲುಪುಡಿ, ಲವಂಗದ ಎಣ್ಣೆಯ ಪುಟ್ಟ ಬಾಟಲಿ, ದಿನಕ್ಕೆ ಎರಡು ನುಂಗಲು ನೆಲ್ಲಿಕಾಯಿ ಅರಿಶಿನದ ಕ್ಯಾಪ್ಸೂಲ್. ಮೂರು ತಿಂಗಳಿಗೆ 2,400 ರೂಪಾಯಿ. "ಬ್ರಷ್ ಬಿಟ್ಬಿಡಿ ಅಣ್ಣ, ಬೆರಳಲ್ಲಿ ಉಜ್ಜಿ. ಕ್ಲೀನಿಂಗ್ ಮಾತ್ರ ಮಾಡಿಸ್ಬೇಡಿ, ಹಲ್ಲೆಲ್ಲ ಸಡಿಲ ಆಗುತ್ತೆ" ಅಂದರು. ನಂಬಿದೆ.

ಎರಡೇ ವಾರಕ್ಕೆ ರಕ್ತ ನಿಂತಿತು! ಬಾಯಿ ತಣ್ಣಗೆ, ಘಮ್ಮಂತ ಇರುತ್ತಿತ್ತು. ನಾನೇ ನಾಲ್ಕು ಜನಕ್ಕೆ ಹೇಳಿದೆ, ಬೇಲೂರಲ್ಲಿರುವ ನನ್ನ ತಂಗಿಗೂ ಒಂದು ಕಿಟ್ ಕೊಡಿಸಿದೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಹಾಸನಾಂಬೆ ಬಾಗಿಲು ತೆಗೆಯುವ ಹೊತ್ತಿಗೆ ಎರಡನೇ ಕಿಟ್ ಮುಗಿದಿತ್ತು. ಒಂದು ದಿನ ಕೊಬ್ಬರಿ ಚೂರು ಕಚ್ಚಿದೆ, ಕೆಳಗಿನ ಮುಂದಿನ ಹಲ್ಲು ಮುಂದಕ್ಕೆ ವಾಲಿದಂತಾಯಿತು. ನಾಲಿಗೆಯಿಂದ ತಳ್ಳಿದರೆ ಅಲ್ಲಾಡುತ್ತಿತ್ತು. ಆಮೇಲೆ ಹೆದರಿಕೊಂಡು ಹಲ್ಲಿನ ಡಾಕ್ಟರ ಹತ್ತಿರ ಓಡಿದೆ.

ಅವರು ಕೈಗೆ ಕನ್ನಡಿ ಕೊಟ್ಟು, ಇನ್ನೊಂದು ಪುಟ್ಟ ಕನ್ನಡಿ ಬಾಯೊಳಗಿಟ್ಟು ಹಲ್ಲಿನ ಹಿಂಭಾಗ ತೋರಿಸಿದರು. ಹಳೇ ಬಾಯ್ಲರ್ ಒಳಗೆ ಕಟ್ಟುವ ಉಪ್ಪಿನ ಪೊರೆಯಂತೆ ಕಂದು ಬಣ್ಣದ ಗಟ್ಟಿ ಕಿಟ್ಟ ವಸಡಿನೊಳಕ್ಕೂ ಇಳಿದಿತ್ತು. ಹಲ್ಲಿನ ಮೇಲೆ ದಿನಾ ಕೂರುವ ಮೆತ್ತನೆ ಪದರವನ್ನು ಉಜ್ಜಿ ತೆಗೆಯದಿದ್ದರೆ ಎಂಜಲಲ್ಲಿರುವ ಕ್ಯಾಲ್ಸಿಯಂ ಸೇರಿ ಹೀಗೆ ಕಲ್ಲಾಗುತ್ತದಂತೆ, ಒಂದು ಸಲ ಕಲ್ಲಾದ ಮೇಲೆ ಯಾವ ಪುಡಿಗೂ, ಯಾವ ಕ್ಯಾಪ್ಸೂಲಿಗೂ ಅದು ಕರಗುವುದಿಲ್ಲ. ಎಕ್ಸ್‌ರೇ ತೆಗೆದರೆ ಆ ಹಲ್ಲು ಹಿಡಿದುಕೊಂಡಿದ್ದ ಮೂಳೆ ಅರ್ಧಕ್ಕಿಂತ ಜಾಸ್ತಿ ಸವೆದಿತ್ತು. ಹೋದ ಮೂಳೆ ತಾನಾಗಿ ವಾಪಸ್ ಬೆಳೆಯುವುದಿಲ್ಲ.

ಹಾಗಾದರೆ ರಕ್ತ ಹೇಗೆ ನಿಂತಿತು ಅಂತ ಕೇಳಿದೆ. ಬ್ರಷ್ ಬಿಟ್ಟಿರಲ್ಲ, ಊದಿದ ವಸಡಿಗೆ ಏನೂ ತಾಗಲಿಲ್ಲ, ಅದಕ್ಕೆ ನಿಂತಿತು ಅಂದರು. ಲವಂಗದ ಎಣ್ಣೆಯಲ್ಲಿರುವ ಯುಜಿನಾಲ್ ಜಾಗವನ್ನು ಮರಗಟ್ಟಿಸುತ್ತದೆ, ಕಾಯಿಲೆ ವಾಸಿ ಮಾಡುವುದಿಲ್ಲ. ಆ ಎಣ್ಣೆಯನ್ನು ತೆಳು ಮಾಡದೆ ಹಾಗೇ ಹಚ್ಚಿದ್ದಕ್ಕೆ ಒಂದು ಕಡೆ ವಸಡು ಸುಟ್ಟು ಬಿಳಿಚಿಕೊಂಡಿತ್ತು. ನೆಲ್ಲಿಕಾಯಿಯದ್ದೂ ಅಷ್ಟೇ. ವಿಟಮಿನ್ ಸಿ ನಿಜವಾಗಿ ಕಡಿಮೆಯಿದ್ದು ವಸಡಲ್ಲಿ ರಕ್ತ ಬಂದರೆ ಅದು ಕೆಲಸ ಮಾಡುತ್ತದೆ, ನನ್ನ ತೊಂದರೆಯೇ ಬೇರೆ ಇತ್ತು.

ಶುಗರ್ ಟೆಸ್ಟ್ ಮಾಡಿಸಿದ್ದೀರಾ ಅಂತಲೂ ಕೇಳಿದರು. ಮಾರನೇ ದಿನ ಖಾಲಿ ಹೊಟ್ಟೆಯಲ್ಲಿ ಮಾಡಿಸಿದೆ, 212 ಬಂತು. 126 ಮುಟ್ಟಿದರೇ ಸಕ್ಕರೆ ಕಾಯಿಲೆ. ಶುಗರ್ ಇದ್ದರೆ ವಸಡು ಬೇಗ ಹಾಳಾಗುತ್ತದೆ, ವಸಡಿನ ಸೋಂಕಿದ್ದರೆ ಶುಗರ್ ಹಿಡಿತಕ್ಕೆ ಬರುವುದು ಕಷ್ಟ. ಆ ಕೆಂಪು ಎಂಜಲು ಯುಗಾದಿಯಲ್ಲೇ ನನಗೆ ಇದನ್ನು ಹೇಳುತ್ತಿತ್ತು, ನಾನು ಅದರ ಬಾಯಿ ಮುಚ್ಚಿಸಿ ಆರೇಳು ತಿಂಗಳು ಕಳೆದೆ.

ಆ ಹಲ್ಲು ಕೀಳಿಸಬೇಕಾಯಿತು. ಉಳಿದವಕ್ಕೆ ಮರಗಟ್ಟಿಸಿ ಬೇರಿನವರೆಗೆ ಕ್ಲೀನ್ ಮಾಡಿದರು. ಕ್ಲೀನಿಂಗ್ ಆದ ಮೇಲೆ ಸಂದು ಕಂಡಿದ್ದು, ಹಲ್ಲು ಜುಮ್ಮೆಂದದ್ದು ನಿಜ. ಆ ಸಂದು ಮೊದಲೇ ಇತ್ತು, ಕಿಟ್ಟ ತುಂಬಿಕೊಂಡು ಕಾಣುತ್ತಿರಲಿಲ್ಲ ಅಷ್ಟೇ. ಹಲ್ಲು ಸಡಿಲ ಆಗುತ್ತೆ ಅನ್ನೋ ಮಾತು ಹುಟ್ಟಿದ್ದೇ ಇದರಿಂದ.

ಮನೆಗೆ ಬಂದು ಡಬ್ಬಿ ಕಣ್ಣಿಗೆ ಹತ್ತಿರ ಹಿಡಿದು ನೋಡಿದೆ. ಔಷಧಿಯಾಗಿ ಬಳಸುವುದಕ್ಕಲ್ಲ ಅಂತ ಇಂಗ್ಲಿಷಿನಲ್ಲಿ ಅವರೇ ಬರೆದಿದ್ದರು. ಪುಡಿಯ ಪೊಟ್ಟಣದ ಮೇಲೆ ಏನೇನು ಹಾಕಿದ್ದಾರೆ ಅಂತಲೇ ಇರಲಿಲ್ಲ. ಇನ್ನೊಂದು ಮಾತು, ಹೃದಯಕ್ಕೆ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಬೆಳ್ಳುಳ್ಳಿ, ಮೀನೆಣ್ಣೆ, ಅರಿಶಿನದ ಕ್ಯಾಪ್ಸೂಲ್‌ಗಳನ್ನು ಡಾಕ್ಟರಿಗೆ ಹೇಳದೆ ದಯವಿಟ್ಟು ಶುರು ಮಾಡಬೇಡಿ, ರಕ್ತ ಇನ್ನೂ ಜಾಸ್ತಿ ಹೋಗಬಹುದು. ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿ, ಬೇಡ ಅನ್ನಲ್ಲ. ಆದರೆ ಎರಡು ವಾರವಾದರೂ ರಕ್ತ ಬರುತ್ತಿದ್ದರೆ, ನೋವಿಲ್ಲದಿದ್ದರೂ, ಹೋಗಿ ತೋರಿಸಿ. ಶುಗರ್ರೂ ನೋಡಿಸಿ.

ಅವತ್ತು ರಾತ್ರಿಯೇ ತಂಗಿಗೆ ಫೋನ್ ಮಾಡಿ, ಆ ಕಿಟ್ ಎಸೆದು ನಾಳೆಯೇ ಹೋಗು ಅಂದೆ. "ನೀನೇ ತಾನೇ ಕೊಡಿಸಿದ್ದು ಅಣ್ಣ" ಅಂದಳು. ಹೋದಳು. ಅವಳ ಮೂಳೆಗೆ ಏನೂ ಆಗಿರಲಿಲ್ಲ, ಒಂದೇ ಸಲದ ಕ್ಲೀನಿಂಗ್‌ನಲ್ಲಿ ಮುಗಿಯಿತು.