ಕಾಸರಗೋಡು–ಮಂಗಳೂರು ಬಸ್ಸು: ನಂಬರ್ ನೋಡಿ ಹತ್ತುವವರಿಗೆ

ಈ ಬಸ್ಸನ್ನು ಜನ ಗುರುತು ಹಿಡಿಯುವುದು ನಂಬರಿನಿಂದಲ್ಲ, ಬೋರ್ಡಿನಲ್ಲಿರುವ ಊರಿನ ಹೆಸರಿನಿಂದ. ನಂಬರ್ ಇರುವುದು ಮಂಗಳೂರಿನ ಸಿಟಿ ಬಸ್ಸುಗಳಿಗೆ. ಅವು ಗಡಿಯ ತಲಪಾಡಿಗೇ ಮುಗಿಯುತ್ತವೆ. ಮಂಜೇಶ್ವರ, ಉಪ್ಪಳ, ಕುಂಬಳೆಗೆ ಹೋಗುವವರು ಸ್ಟೇಟ್ ಬ್ಯಾಂಕ್ ಸ್ಟ್ಯಾಂಡಿನಲ್ಲೇ ಕಾಸರಗೋಡು ಬೋರ್ಡಿನ ಬಸ್ಸು ಹತ್ತಬೇಕು. ಬಿಜೈಯ ಕೆಎಸ್‌ಆರ್‌ಟಿಸಿ ನಿಲ್ದಾಣಕ್ಕೆ ಹೋಗಿ ಕಾದರೆ ಹೊತ್ತು ಹಾಳು.

1956ರ ನವೆಂಬರ್ 1ರವರೆಗೆ ಇದು ಒಂದೇ ಜಿಲ್ಲೆಯೊಳಗಿನ ದಾರಿ. ಆ ದಿನದಿಂದ ತಲಪಾಡಿ ಗಡಿಯಾಯಿತು, ಸುಮಾರು 50 ಕಿ.ಮೀ. ಓಡಾಟ ಅಂತರರಾಜ್ಯದ್ದಾಯಿತು. ಈಗ ಎರಡೂ ರಾಜ್ಯಗಳ ಸರ್ಕಾರಿ ಬಸ್ಸು ಓಡುತ್ತವೆ, ಎರಡಕ್ಕೂ ಹೆಸರು ಕೆಎಸ್‌ಆರ್‌ಟಿಸಿ. ಪಾಸು ಇರುವವರು ಪ್ಲೇಟು ನೋಡಿಯೇ ಹತ್ತಿ: ಕೆಎಲ್-15 ಕೇರಳದ್ದು, ಕೆಎ-19 ಎಫ್ ಕರ್ನಾಟಕದ್ದು. ಕೆಎಲ್-14 ನಮ್ಮ ಕಾಸರಗೋಡು ಜಿಲ್ಲೆಯದೇ ನೋಂದಣಿ, ಖಾಸಗಿ ಬಸ್ಸುಗಳಲ್ಲಿ ಕಾಣುವುದು ಅದು. 15 ಯಾವ ಜಿಲ್ಲೆಯದೂ ಅಲ್ಲ, ಕೇರಳದ ಸರ್ಕಾರಿ ಬಸ್ಸಿಗೆ ಮೀಸಲು.

2025ರಲ್ಲಿ ಕೇರಳದ ಕೆಎಸ್‌ಆರ್‌ಟಿಸಿ ತನ್ನ ಬಸ್ಸಿನ ಬೋರ್ಡಿಗೆ ಅಂಕಿ ಸೇರಿಸುವ ಪದ್ಧತಿ ಪ್ರಕಟಿಸಿತು. ಜಿಲ್ಲೆಗೆ ಎರಡಕ್ಷರ, ಜೊತೆಗೊಂದು ಸಂಖ್ಯೆ. ತಿರುವನಂತಪುರ 1 ಎಂದು ಶುರುವಾಗಿ ತೆಂಕಿನಿಂದ ಬಡಗಿಗೆ ಎಣಿಸುತ್ತ ಬಂದರೆ ಕಾಸರಗೋಡು ಕೆಜಿ-14. ಮಲಯಾಳ ಓದಲು ಬಾರದವರಿಗೆ ಇದು ನಿಜಕ್ಕೂ ಉಪಕಾರ. ಆದರೆ ಇದು ಹೋಗಿ ಸೇರುವ ಊರಿನ ನಂಬರ್, ದಾರಿಯ ನಂಬರ್ ಅಲ್ಲ.

ಎಡವುವುದು ಅಲ್ಲೇ. ಮಂಗಳೂರಿಗೆ ಹೆದ್ದಾರಿ ಒಂದೇ, ಹಾಗಾಗಿ ತೊಂದರೆ ಕಡಿಮೆ. ಕಾಸರಗೋಡಿನಿಂದ ಕಾಞಂಗಾಡಿಗೆ ಹಾಗಲ್ಲ: ಒಂದು ಬಸ್ಸು ಚಂದ್ರಗಿರಿ ಸೇತುವೆ ದಾಟಿ ಉದುಮ, ಬೇಕಲದ ಮೇಲೆ ಹೋಗುತ್ತದೆ, ಇನ್ನೊಂದು ಚೆರ್ಕಳ, ಪೊಯಿನಾಚಿ, ಪೆರಿಯದ ಮೇಲೆ. ಸೇರುವ ಊರು ಒಂದೇ ಆದ್ದರಿಂದ ಅಂಕಿಯೂ ಒಂದೇ. ಬೇಕಲ ಕೋಟೆಗೆ ಹೊರಟವರು ಅಂಕಿ ನಂಬಿ ಎರಡನೆಯದನ್ನು ಹತ್ತಿದರೆ ಕೋಟೆ ಸಿಗುವುದಿಲ್ಲ. "ಚಂದ್ರಗಿರಿ ಮೇಲೆ ಹೋಗುತ್ತದಾ?" ಎಂದು ಕಂಡಕ್ಟರನ್ನು ಕೇಳಿಯೇ ಹತ್ತಿ. ಹಳಬರು ಕಾಞಂಗಾಡನ್ನು ಹೊಸದುರ್ಗ ಎನ್ನುತ್ತಾರೆ, ಅದೂ ನೆನಪಿರಲಿ.

ಅಂಕಿ ಬಂತೆಂದು ಕನ್ನಡ ಬೋರ್ಡು ಬೇಡವೆನ್ನುವಂತಿಲ್ಲ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಹಿರಿಯರು ಓದುವುದು ಊರಿನ ಹೆಸರನ್ನೇ. ಅಂಕಿಯ ಪಕ್ಕದಲ್ಲಿ ಹೆಸರು ಕನ್ನಡದಲ್ಲೂ ಇರಬೇಕು, ಕೆಳಗೆ ದಾರಿಯ ಎರಡು ಊರುಗಳೂ.