ಇಬ್ಬರ ಮೆದುಳು ಒಟ್ಟಿಗೆ ಅಳೆಯಲು ಇಇಜಿ ಸರಿಯಾ, ಎಫ್‌ನಿರ್ಸ್ ಸರಿಯಾ?

ಮಾತಾಡುವ ಇಬ್ಬರ ಮೆದುಳನ್ನು ಒಂದೇ ಹೊತ್ತಿಗೆ ಅಳೆಯುವುದಕ್ಕೆ ಹೈಪರ್‌ಸ್ಕ್ಯಾನಿಂಗ್ ಅಂತ ಹೆಸರು. 2002ರಲ್ಲಿ ರೀಡ್ ಮಾಂಟೇಗ್ ತಂಡ ಎರಡು ಎಂಆರ್‌ಐ ಯಂತ್ರ ಜೋಡಿಸಿ ಇದನ್ನು ಮಾಡಿ ತೋರಿಸಿತು. ಆದರೆ ಕೊಳವೆಯೊಳಗೆ ಅಲುಗಾಡದೆ ಮಲಗಿ ಹರಟೆ ಹೊಡೆಯೋಕಾಗಲ್ಲ, ಅಲ್ವಾ? ಹಾಗಾಗಿ ಹೆಚ್ಚಿನವರ ಮುಂದೆ ಉಳಿಯುವುದು ಇಇಜಿ, ಎಫ್‌ನಿರ್ಸ್ ಇವೆರಡೇ.

ಇಇಜಿ ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ನೆತ್ತಿಯ ಮೇಲಿಂದ ಮಿಲಿಸೆಕೆಂಡ್ ಲೆಕ್ಕದಲ್ಲಿ ಹಿಡಿಯುತ್ತದೆ. ಒಬ್ಬರು ಮಾತು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ಆ ಗಳಿಗೆ ಬೇಕಿದ್ದರೆ ಇದೇ ಸರಿ. ಆದರೆ ಕಣ್ಣು ಮಿಟುಕಿಸಿದರೂ, ದವಡೆ ಬಿಗಿದರೂ ಗೆರೆಗಳು ಎದ್ದು ಕುಣಿಯುತ್ತವೆ. ಜಾಸ್ತಿ ನಗುವ ಜೋಡಿ ಸಿಕ್ಕರೆ ಡೇಟಾ ಕ್ಲೀನ್ ಮಾಡುವುದೇ ದೊಡ್ಡ ಕೆಲಸ.

ಎಫ್‌ನಿರ್ಸ್ ಕೆಂಪಿನಾಚೆಯ ಬೆಳಕನ್ನು ತಲೆಯೊಳಕ್ಕೆ ಹಾಯಿಸಿ ಮೆದುಳಿನ ರಕ್ತದ ಆಮ್ಲಜನಕ ನೋಡುತ್ತದೆ. ಅಲುಗಾಟವನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ತಾಯಿ-ಮಗುವಿನ ಆಟಕ್ಕಾದರೆ ನನ್ನ ಓಟು ಇದಕ್ಕೇ. ಆದರೆ ನಿಧಾನ: ಸಿಗ್ನಲ್ ತುದಿ ಮುಟ್ಟಲು ಸುಮಾರು 5-6 ಸೆಕೆಂಡ್ ಬೇಕು. ಮೆದುಳಿನ ಮೇಲ್ಪದರ ಬಿಟ್ಟು ಒಳಕ್ಕಿಳಿಯುವುದಿಲ್ಲ. ದಟ್ಟ ಕಪ್ಪು ಕೂದಲಿದ್ದರಂತೂ ಎಳೆ ಎಳೆ ಸರಿಸುತ್ತಾ ಕೂರಬೇಕು.

ಇಬ್ಬರ ಸಿಗ್ನಲ್‌ಗಳು ಎಷ್ಟು ಹೊಂದಿಕೊಂಡು ಏರಿಳಿಯುತ್ತವೆ ಅಂತ ನೋಡುವ ವಿಶ್ಲೇಷಣೆಗೆ ಇಇಜಿಯಲ್ಲಿ ಫೇಸ್ ಲಾಕಿಂಗ್, ಎಫ್‌ನಿರ್ಸ್‌ನಲ್ಲಿ ವೇವ್ಲೆಟ್ ಕೊಹಿರೆನ್ಸ್ ರೂಢಿ. ಮೋಸ ಹೋಗುವ ಜಾಗ ಮಾತ್ರ ಎರಡರಲ್ಲೂ ಒಂದೇ. ಇಬ್ಬರೂ ಒಂದೇ ಸದ್ದು ಕೇಳಿದರೆ ಸಾಕು, ಮೆದುಳುಗಳು ಹೊಂದಿಕೊಂಡಂತೆ ಕಾಣಬಹುದು. ಅದಕ್ಕೇ ಒಂದು ಜೋಡಿಯ ಅಮ್ಮನನ್ನು ಇನ್ನೊಂದು ಜೋಡಿಯ ಮಗುವಿನ ಜೊತೆ ಸೇರಿಸಿ ಲೆಕ್ಕ ಹಾಕಿ. ಒಬ್ಬರನ್ನೊಬ್ಬರು ನೋಡೇ ಇಲ್ಲದ ಆ ಹುಸಿ ಜೋಡಿಯಲ್ಲೂ ಅಷ್ಟೇ ಹೊಂದಿಕೆ ಬಂದರೆ, ಅದನ್ನು ಒಡನಾಟದ ಫಲ ಅನ್ನಬೇಡಿ.