ಉಯುನಿಯ ಜೀಪ್ ಪ್ರವಾಸ: ರಾಜಹಂಸಗಳಿಗಾಗಿಯೇ ಹೋಗುವವರಿಗೆ

ಬೊಲಿವಿಯಾದ ಉಯುನಿ ಪಟ್ಟಣದಿಂದ ಹೊರಡುವ ಮೂರು ದಿನಗಳ ಜೀಪ್ ಪ್ರವಾಸಕ್ಕೆ ಹೆಚ್ಚಿನವರು ಹೋಗುವುದು ಸುಮಾರು 10,000 ಚದರ ಕಿಲೋಮೀಟರ್ ಹರಡಿರುವ ಉಪ್ಪಿನ ಬಯಲನ್ನು ನೋಡಲು. ತುಂಗಭದ್ರೆಯ ಹಿನ್ನೀರಿಗೆ ಬರುವ ರಾಜಹಂಸಗಳನ್ನು (ಫ್ಲೆಮಿಂಗೊ) ದೂರದ ದಡದಿಂದಷ್ಟೇ ಕಂಡಿದ್ದ ಬಳ್ಳಾರಿಯ ನನಗೆ ಮಾತ್ರ ಈ ಪ್ರವಾಸದ ತಿರುಳು ಕಂಡದ್ದು ಬಯಲು ದಾಟಿದ ಮೇಲೆ ಸಿಗುವ ಸರೋವರಗಳಲ್ಲಿ.

ಸುಮಾರು 4,278 ಮೀಟರ್ ಎತ್ತರದಲ್ಲಿರುವ ಲಗುನಾ ಕೊಲೊರಾಡಾದ ನೀರು, ಮಳೆಗಾಲದಲ್ಲಿ ಸಂಡೂರಿನ ಗಣಿಗುಂಡಿಗಳಲ್ಲಿ ನಿಲ್ಲುವ ನೀರಿನಂತೆಯೇ ಕೆಂಪು. ಆದರೆ ನಮ್ಮಲ್ಲಿ ಆ ಬಣ್ಣ ಅದಿರಿನ ಮಣ್ಣಿನದು. ಅಲ್ಲಿ ಅದಕ್ಕೆ ಮುಖ್ಯ ಕಾರಣ ಉಪ್ಪುನೀರಿನಲ್ಲೂ ಬದುಕುವ ಪಾಚಿ. ನಡುನಡುವೆ ಬೋರಾಕ್ಸ್ ಎಂಬ ಖನಿಜದ ಬಿಳಿ ದಿಬ್ಬಗಳಿವೆ. ಅಳಿದೇ ಹೋಯಿತೆಂದು ನಂಬಲಾಗಿದ್ದ ಜೇಮ್ಸ್ ರಾಜಹಂಸ 1950ರ ದಶಕದಲ್ಲಿ ಮತ್ತೆ ಪತ್ತೆಯಾದದ್ದು ಇಲ್ಲಿಯೇ.

ನಮ್ಮ ಚಾಲಕರೇ ಮಾರ್ಗದರ್ಶಿಯೂ ಆಗಿದ್ದರು, ಮತ್ತು ಈ ಸೇವೆಗೆ ನಾನು ಕೊಡುವ ಮೆಚ್ಚುಗೆಯೆಲ್ಲ ಅವರಿಗೇ ಸಲ್ಲಬೇಕು. ಜೀಪನ್ನು ದಡದಿಂದ ಬಹು ದೂರದಲ್ಲೇ ನಿಲ್ಲಿಸಿ, ಗಾಳಿಗೆ ಬೆನ್ನು ಕೊಟ್ಟು ಕೂರಲು ಜಾಗ ತೋರಿಸಿ, ಮೊದಲು ಕಾಲುಗಳನ್ನು ನೋಡಿ ಎಂದರು. ಅಲ್ಲಿರುವುದು ಮೂರು ಬಗೆಯ ರಾಜಹಂಸ: ಹಳದಿ ಕಾಲಿನದು ಆಂಡಿಯನ್, ಇಟ್ಟಿಗೆಗೆಂಪು ಕಾಲಿನದು ಜೇಮ್ಸ್, ಬೂದು ಕಾಲಿನ ನಡುವೆ ಗುಲಾಬಿ ಕೀಲಿರುವುದು ಚಿಲಿಯನ್. ದುರ್ಬೀನಿನಲ್ಲಿ ಒಂದು ಜೇಮ್ಸ್ ಹಕ್ಕಿಯನ್ನೇ ಬಹಳ ಹೊತ್ತು ನೋಡಿದೆ: ತಲೆಕೆಳಗಾದ ಕೊಕ್ಕನ್ನು ನೀರಿನಲ್ಲಿ ಅದ್ದಿ, ನಾಲಿಗೆಯಿಂದ ನೀರನ್ನು ಎಳೆದು ಹೊರಗೆ ತಳ್ಳುತ್ತಿದ್ದರೆ ಗಂಟಲು ಒಂದೇ ಸಮನೆ ಮಿಡಿಯುತ್ತಿತ್ತು. ಅದರ ಕೊಕ್ಕಿನೊಳಗಿನ ಜಾಲರಿ ಬಹಳ ಸಣ್ಣದಾದ್ದರಿಂದ ಸೂಕ್ಷ್ಮವಾದ ಡಯಾಟಮ್ ಪಾಚಿಯೂ ಅದರಲ್ಲಿ ಸಿಕ್ಕಿಕೊಳ್ಳುತ್ತದೆ; ಚಿಲಿಯನ್ ಹಕ್ಕಿಯ ಒರಟು ಜಾಲರಿ ಸಣ್ಣ ಸಿಗಡಿಯಂತಹ ಜೀವಿಗಳಿಗೆ ಹೊಂದುತ್ತದೆ. ಹೀಗಾಗಿ ಒಂದೇ ನೀರಿನಲ್ಲಿ ಮೂರಕ್ಕೂ ಮೇವುಂಟು. ಇಷ್ಟನ್ನು ತಾಳ್ಮೆಯಿಂದ ತೋರಿಸಿಕೊಡುವವರು ಸಿಕ್ಕರೆ ಕೊಟ್ಟ ಹಣ ಸಾರ್ಥಕ.

ಲಿಕಾಂಕಾಬುರ್ ಜ್ವಾಲಾಮುಖಿಯ ಬುಡದ ಹಸಿರು ಸರೋವರ ಲಗುನಾ ವೆರ್ಡೆ ಕಣ್ಣಿಗೆ ಚೆಂದ. ಆರ್ಸೆನಿಕ್‌ನಂತಹ ಖನಿಜಗಳಿರುವ ಆ ನೀರಿನಲ್ಲಿ ನಮಗೆ ಹಕ್ಕಿಗಳು ಕಾಣಲಿಲ್ಲ.

ವಸತಿ ಸಾಧಾರಣ, ರಾತ್ರಿಯ ಚಳಿ ವಿಪರೀತ. ಸಸ್ಯಾಹಾರವೆಂದರೆ ಅಲ್ಲಿನ ಕಿನೋವಾ ಕಾಳಿನ ಸಾರು, ಬೇಯಿಸಿದ ಆಲೂಗಡ್ಡೆ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ದರೆ ಬಾಯಿಗೆ ರುಚಿ. ಸುಮಾರು ಐನೂರು ಮೀಟರ್ ಎತ್ತರದ ನಮ್ಮೂರಿನಿಂದ ನೇರವಾಗಿ ಅಲ್ಲಿಗೆ ಏರುವುದು ಅಪಾಯ. ಉಯುನಿಯೇ 3,600 ಮೀಟರಿಗಿಂತ ಎತ್ತರದಲ್ಲಿರುವುದರಿಂದ ಮೊದಲೇ ಕೆಲವು ದಿನ ತಂಗಿ ಮೈ ಒಗ್ಗಿಸಿಕೊಳ್ಳಬೇಕು. ಪ್ರವಾಸ ಸಂಸ್ಥೆಯವರು ಇದನ್ನು ಸ್ಪಷ್ಟವಾಗಿ ಹೇಳದಿದ್ದುದು ದೊಡ್ಡ ಕೊರತೆ.

ಬೇರೆ ಕೆಲವು ಜೀಪುಗಳು ನೀರಿನ ಅಂಚಿನವರೆಗೂ ಹೋಗಿ, ಮೇಯುತ್ತಿದ್ದ ಹಿಂಡನ್ನು ಎಬ್ಬಿಸಿದ್ದನ್ನು ಕಂಡು ಬಹಳ ನೋವಾಯಿತು. ಹಣ ಕಟ್ಟುವ ಮುನ್ನ ಕೊಲೊರಾಡಾದಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತಾರೆ, ದಡದಿಂದ ಎಷ್ಟು ದೂರದಲ್ಲಿ ನಿಲ್ಲಿಸುತ್ತಾರೆ ಎಂಬ ಎರಡನ್ನೂ ಕೇಳಿ ಬರೆಸಿಕೊಳ್ಳಿ. ಹಕ್ಕಿಗಳು ಹೆಚ್ಚಾಗಿರುವುದು ನವೆಂಬರಿನಿಂದ ಮಾರ್ಚ್‌ವರೆಗಿನ ಅಲ್ಲಿನ ಬೇಸಿಗೆಯಲ್ಲಿ. ಜನವರಿಯ ನಂತರ ಮಳೆಯಿಂದ ದಾರಿ ಬದಲಾಗುವುದುಂಟು.